ಮೂರನೇ ನಂಬರಿನ ಸ್ಕಾರ್ಫ್

ಆ ಇಬ್ಬರು ಬಂದಾಗ ನಮ್ಮ ಸೀನಿಯರ್ ಕೋರ್ಟಿನಲ್ಲಿದ್ದರು. ತುಮಕೂರಿನ ಜೆರಾಕ್ಸ್ ಅಂಗಡಿಯೊಂದರ ಮೇಲಿನ ಒಂಟಿ ಕೋಣೆ ನಮ್ಮ ಆಫೀಸು. ನನ್ನ ಎಲ್‌ಎಲ್‌ಬಿ ಮುಗಿದಿತ್ತು, ಸನ್ನದು ಇನ್ನೂ ಬಂದಿರಲಿಲ್ಲ. ಬಂದವರನ್ನು ಕೂರಿಸುವುದು, ಅವರ ಕಾಗದ ಓದುವುದು, ರಿಜಿಸ್ಟರಿನಲ್ಲಿ ಹೆಸರು, ಊರು, ವಿಷಯ ಎಂಬ ಮೂರು ಕಾಲಂ ತುಂಬುವುದು, ಇಷ್ಟೇ ನನ್ನ ಅಧಿಕಾರ.

ಮುಂದೆ ನಿಂತವರು ಹುಲಿಯೂರುದುರ್ಗದವರು, ನಲವತ್ತು ದಾಟಿದ ಹೆಂಗಸು. ಅವರ ಹಿಂದೆ ಬಾಗಿಲಿಗೆ ಆತು ನಿಂತವರು ನಾಗಾಲ್ಯಾಂಡಿನವರು, ಮೂವತ್ತರ ಆಸುಪಾಸು. ಕುಣಿಗಲ್ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಇಬ್ಬರದೂ ಅಕ್ಕಪಕ್ಕದ ಮಿಷನ್ನು. ಒಬ್ಬರು ಅಂಗಿಯ ಕಾಲರ್ ಹೊಲಿದು ಕೊಡುತ್ತಾರೆ, ಇನ್ನೊಬ್ಬರು ಅದನ್ನು ಅಂಗಿಗೆ ಹಚ್ಚುತ್ತಾರೆ. ಇನ್ನೂ ಅಲ್ಲೇ ಕೆಲಸ ಮಾಡಬೇಕು, ಹೆಸರು ಬರೆಯಬೇಡ ಎಂದು ಇಬ್ಬರೂ ಹೇಳಿದ್ದಾರೆ. ಹಾಗಾಗಿ ನಾಗಾಲ್ಯಾಂಡಿನವರನ್ನು ಕಾಲರ್ ಅಕ್ಕ ಎಂದೂ ಮತ್ತೊಬ್ಬರನ್ನು ದುರ್ಗದಕ್ಕ ಎಂದೂ ಕರೆಯುತ್ತೇನೆ.

"ಓದವ್ವ ಮಗ, ಏನ್ ಬರ್ದವ್ರೆ ನೋಡು," ಎಂದು ದುರ್ಗದಕ್ಕ ಕಾಗದ ಚಾಚಿದರು.

ಕನ್ನಡದಲ್ಲಿ ಟೈಪಾಗಿದ್ದ ವಜಾ ಆದೇಶ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಗೇಟ್ ಪಾಸ್ ಇಲ್ಲದೆ ಹೊರಗೆ ಹೋದದ್ದು, ತಡೆದ ಸೆಕ್ಯುರಿಟಿಯವರ ಮೇಲೆ ಗೇಟಿನ ರಿಜಿಸ್ಟರ್ ಎಸೆದದ್ದು, ಇಪ್ಪತ್ತು ನಿಮಿಷ ಬಿಟ್ಟು ಒಳಗೆ ಬಂದದ್ದು. ಇದು ಗಂಭೀರ ದುರ್ನಡತೆ, ಆದ್ದರಿಂದ ಕೆಲಸದಿಂದ ವಜಾ. ಕೆಳಗೆ 'ಓದಿ ತಿಳಿದುಕೊಂಡಿದ್ದೇನೆ' ಎಂಬ ಸಾಲು, ಅದರ ಮುಂದೆ ಕಾಲರ್ ಅಕ್ಕನ ಇಂಗ್ಲಿಷ್ ಸಹಿ.

"ನಿಮಗೆ ಕನ್ನಡ ಓದಕ್ಕೆ ಬರುತ್ತಾ?"

"ಮಾತಾಡಾಕ್ ಬತ್ತದೆ. ಓದಾಕ್ ಬರಾಕಿಲ್ಲ," ಎಂದರು ಕಾಲರ್ ಅಕ್ಕ. ದುರ್ಗದಕ್ಕನ ಪಕ್ಕ ಕೂತು ಕಲಿತ ಕನ್ನಡ ಅದು. "ನಾನ್ ಹೋಗೇ ಇಲ್ಲ ಮೇಡಂ. ಸೀಟ್ ಬಿಟ್ ಎದ್ದೇ ಇಲ್ಲ."

"ಮತ್ತೆ ನಿಮ್ಮ ಹೆಸರು ಹೇಗೆ ಬಂತು?"

"ಹೆಸ್ರಲ್ಲ. ನಂಬರ್."

ಅದನ್ನು ಬಿಡಿಸಿ ಹೇಳಿದವರು ದುರ್ಗದಕ್ಕ. ಕಾರ್ಖಾನೆಯೊಳಗೆ ಎಲ್ಲ ಹೆಂಗಸರೂ ತಲೆಗೆ ನೀಲಿ ಸ್ಕಾರ್ಫ್ ಕಟ್ಟಬೇಕು. ಮೂರು ವರ್ಷದ ಹಿಂದೆ ನಾಗಾಲ್ಯಾಂಡಿನ ಐವರು ಕೆಲಸಕ್ಕೆ ಸೇರಿದರು. ಮೊದಲ ವಾರ ಸೂಪರ್‌ವೈಸರ್ ಹೆಸರು ಕೇಳಿದ, ನಾಲಿಗೆ ಹೊರಳಲಿಲ್ಲ, ಮುಖವೂ ಗುರುತು ಹತ್ತಲಿಲ್ಲ. ಮುಂದಿನ ಸೋಮವಾರ ಆ ಐವರ ಸ್ಕಾರ್ಫಿನ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಐದರವರೆಗೆ ನಂಬರ್ ಬಿತ್ತು. ಕಾರ್ಖಾನೆ ಆಫೀಸಿನ ಪಟ್ಟಿಯಲ್ಲಿ ಮೂರು ಎಂದರೆ ಕಾಲರ್ ಅಕ್ಕ.

"ಉಳಿದೋರಿಗೆ ನಂಬರ್ ಇಲ್ವಾ?"

"ನಮ್ಗ್ಯಾಕವ್ವ? ನಮ್ ಮಕ ಗೊತ್ತಲ್ಲ," ಎಂದ ದುರ್ಗದಕ್ಕ, ಪಕ್ಕದವರ ಕಡೆ ತಿರುಗಿ, "ಸುಳ್ ಯಾಕೇಳ್ಲಿ, ನಾನೂ ಹಂಗೇ ಕರೀತಿದ್ದೆ. ಮೂರಾ, ಬಾರೇ ಉಣ್ಣಾನ ಅಂತ," ಎಂದರು. ಕಾಲರ್ ಅಕ್ಕ ನಗಲಿಲ್ಲ, ಬೇಜಾರೂ ಪಡಲಿಲ್ಲ.

ಸ್ಕಾರ್ಫುಗಳು ಮನೆಗೆ ಹೋಗುವಂತಿಲ್ಲ. ಶನಿವಾರ ಸಂಜೆ ಕಾರ್ಖಾನೆಯಲ್ಲೇ ಒಗೆಯುತ್ತಾರೆ, ಸೋಮವಾರ ಬುಟ್ಟಿಯಲ್ಲಿ ಬಂದು ಬೀಳುತ್ತವೆ. ಹಾಜರಿ ಗಂಟೆಗೆ ಮೊದಲು ಓಡಿಬಂದು ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಳ್ಳುವುದು ರೂಢಿ. "ಆ ವಾರ ನನ್ ತಲೇಲಿ ಐದಿತ್ತು," ಎಂದರು ಕಾಲರ್ ಅಕ್ಕ. ಗೇಟಿನವನು ಬರೆದುಕೊಂಡದ್ದು ಮೂರು.

"ನಿಮಗೇನು ಬೇಕಕ್ಕ?"

"ಕೆಲ್ಸ ವಾಪಸ್ ಬೇಕು. ಈ ಕಾಗ್ದ ಇದ್ರೆ ಬೇರೆ ಗಾರ್ಮೆಂಟ್ಸ್‌ನೋರೂ ತಕಳಾಕಿಲ್ಲ." ಮತ್ತೆ ಬೆರಳಿನಿಂದ ಹಣೆ ಮುಟ್ಟಿ ತೋರಿಸಿದರು. "ಈ ನಂಬರ್ ಹೋಗ್ಬೇಕು. ಎರಡೂ ಬೇಕು."

ರಿಜಿಸ್ಟರಿನಲ್ಲಿ ಹೆಸರು ಬರೆದೆ, ಊರು ಬರೆದೆ. ಮೂರನೆಯ ಕಾಲಂಗೆ ಪೆನ್ನು ತಂದು ನಿಲ್ಲಿಸಿದೆ.

ಸಂಜೆ ಸೀನಿಯರ್ ಬಂದವರೇ ರಿಜಿಸ್ಟರ್ ನೋಡಿದರು. "ವಿಷಯ ಯಾಕಮ್ಮ ಖಾಲಿ ಬಿಟ್ಟೆ?"

"ಜನಾಂಗ ಭೇದ ಅಂತ ಬರೆಯಕ್ಕೆ ಹೊರಟೆ ಸಾರ್. ಆಮೇಲೆ ಅದು ಜನಾಂಗ ಭೇದವೇನಾ ಅಂತ ಅನುಮಾನ ಬಂತು."

"ಶುರುವಾಯ್ತು ಡಿಬೇಟು," ಎಂದು ಅವರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು.

ಶುರುವಾದದ್ದು ನಿಜ. ಕಾಲೇಜಿನ ಐದೂ ವರ್ಷ ಚರ್ಚಾ ಸ್ಪರ್ಧೆಗಳಲ್ಲಿ ಚೀಟಿ ಎತ್ತಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ ಮಾತಾಡಿದವಳು ನಾನು. ಮುಖ ಗುರುತು ಹತ್ತದಿರುವುದು ದ್ವೇಷವಲ್ಲ ಸಾರ್, ಕಣ್ಣಿಗೆ ಅಭ್ಯಾಸವಿಲ್ಲ ಅಷ್ಟೇ ಎಂದೆ. ಸೂಪರ್‌ವೈಸರ್ ಸೋಮಾರಿ ಇರಬಹುದು, ಜನಾಂಗದ್ವೇಷಿ ಎಂದು ಹೇಗೆ ಹೇಳುವುದು? ಅದೇ ಉಸಿರಿನಲ್ಲಿ, ಹಾಗಾದರೆ ಐವರಿಗೆ ಮಾತ್ರ ಯಾಕೆ ನಂಬರು ಎಂದು ನಾನೇ ಕೇಳಿದೆ.

"ಏನು ಬೇಕಾದ್ರೂ ಅನ್ನು. ಯಾವ ಕಾನೂನಿನ ಕೆಳಗೆ ಅಂತೀಯ, ಅದನ್ನು ಹೇಳು," ಎಂದರು.

ಎರಡು ದಿನ ಅದನ್ನೇ ಹುಡುಕಿದೆ. ಸಂವಿಧಾನದಲ್ಲಿ ಜನಾಂಗ ಎಂಬ ಪದ ಢಾಳಾಗಿ ಇದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ನೋಡಿ ಭೇದ ಮಾಡುವಂತಿಲ್ಲ. ಆದರೆ ಆ ಮಾತನ್ನು ಅದು ಮುಖ್ಯವಾಗಿ ಹೇಳುವುದು ಸರ್ಕಾರಕ್ಕೆ. ಅಂಗಡಿ, ಹೋಟೆಲು, ಬಾವಿಗಳಿಗೆ ಯಾರನ್ನೂ ತಡೆಯಬಾರದು ಎಂದು ಜನಕ್ಕೂ ಹೇಳುತ್ತದೆ. ಖಾಸಗಿ ಕಾರ್ಖಾನೆಯ ಸ್ಕಾರ್ಫಿನವರೆಗೆ ಅದರ ಕೈ ನೇರವಾಗಿ ಚಾಚುವುದಿಲ್ಲ. ಸಮಾನ ವೇತನದ ಕಾನೂನು ಹೆಣ್ಣುಗಂಡಿನ ಮಾತಾಡುತ್ತದೆ. ದೌರ್ಜನ್ಯ ತಡೆ ಕಾಯ್ದೆಯಡಿ ಹೋಗೋಣವೆಂದರೆ, ಪರಿಶಿಷ್ಟ ಪಂಗಡಗಳ ಪಟ್ಟಿ ರಾಜ್ಯಕ್ಕೊಂದು. ನಾಗಾಲ್ಯಾಂಡಿನ ಪಟ್ಟಿಯಲ್ಲಿರುವ ಕಾಲರ್ ಅಕ್ಕ ಕುಣಿಗಲ್‌ಗೆ ಬಂದರೂ ಆ ರಕ್ಷಣೆ ಜೊತೆಗೆ ಬರುತ್ತದೆಯೇ? ಬರುತ್ತದೆ ಎಂದು ಹೊರಗಿನ ಒಂದು ಹೈಕೋರ್ಟು ಹೇಳಿದ್ದು ಸಿಕ್ಕಿತು. ಅದನ್ನು ಇಲ್ಲಿ ಒಪ್ಪುತ್ತಾರೆಯೇ ಎಂದರೆ ಸೀನಿಯರ್ ಕೈ ಅಡ್ಡಡ್ಡ ಆಡಿಸಿದರು. ಕಾರ್ಮಿಕ ಕಾನೂನಿನಲ್ಲಿ ಮಾಲೀಕರು ಮಾಡಬಾರದ ಕೆಲಸಗಳ ಒಂದು ಪಟ್ಟಿ ಇದೆ. ಕೆಲಸದ ಯೋಗ್ಯತೆ ನೋಡದೆ ಒಂದು ಗುಂಪಿನ ಪರ ಪಕ್ಷಪಾತ ಮಾಡಬಾರದು ಎಂದು ಅದರಲ್ಲಿ ಒಂದು ಸಾಲಿದೆ. ಹತ್ತಿರ ಬಂತು, ಆದರೆ ಅಲ್ಲಿ ಜನಾಂಗ ಎಂಬ ಪದವಿಲ್ಲ. ಅದರ ಮೇಲೆ ಹಳೆಯ ಕಾಯ್ದೆ ಉಲ್ಲೇಖಿಸಬೇಕೋ ಹೊಸ ಕಾರ್ಮಿಕ ಸಂಹಿತೆಯೋ ಎಂಬ ಗೊಂದಲ ಬೇರೆ. ಸಂಜೆ ಗುಬ್ಬಿಗೆ ಹೋಗುವ ರೈಲಿನಲ್ಲಿ ಕೂತು, ಇಷ್ಟು ದೊಡ್ಡ ದೇಶದಲ್ಲಿ ಒಬ್ಬ ಹೆಂಗಸಿನ ತಲೆಯ ಮೇಲಿನ ಅಂಕಿಗೆ ಒಂದು ಸಾಲಿಲ್ಲವೇ ಎಂದು ಸಿಟ್ಟಾದೆ. ಇಲ್ಲದಿರುವುದೇ ಸರಿಯಿರಬಹುದು, ಎಲ್ಲದಕ್ಕೂ ಯಾಕೆ ಕಾನೂನು ಎಂದು ನಿಟ್ಟೂರು ದಾಟುವಾಗ ಅನ್ನಿಸಿತು ಎಂದು ಬರೆದರೆ ಸುಳ್ಳಾದೀತು, ನಿಟ್ಟೂರು ಬರುವುದು ಗುಬ್ಬಿ ದಾಟಿದ ಮೇಲೆ, ನಾನು ಇಳಿಯುವುದು ಗುಬ್ಬಿಯಲ್ಲೇ. ಆದರೆ ಪ್ಲಾಟ್‌ಫಾರ್ಮಿನಲ್ಲಿ ನಡೆಯುವಾಗ ಅನ್ನಿಸಿದ್ದು ನಿಜ.

ಸೀನಿಯರ್ ದಾರಿ ಸರಳವಾಗಿತ್ತು. ವಿಚಾರಣೆ ನಡೆಸದೆ ವಜಾ ಮಾಡಿದ್ದಾರೆ, ಅಷ್ಟು ಸಾಕು. ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಯ ಮುಂದೆ ಅರ್ಜಿ ಹಾಕಿಸು. "ಜನಾಂಗ ಗಿನಾಂಗ ತಂದ್ರೆ ಸಾಬೀತು ಮಾಡೋ ಭಾರ ನಿನ್ನ ಮೇಲೆ. ಕೆಲಸ ಬೇಕೋ ಭಾಷಣ ಬೇಕೋ?"

"ಅವರಿಗೆ ಎರಡೂ ಬೇಕಂತೆ ಸಾರ್."

ಸಂಧಾನದಲ್ಲಿ ವಕೀಲರು ಪ್ರತಿನಿಧಿಯಾಗಿ ಬರುವಂತಿಲ್ಲ. ಸನ್ನದು ಇಲ್ಲದ್ದೇ ನನ್ನ ಅರ್ಹತೆಯಾಯಿತು. ಕಾಗದ ಬರೆದುಕೊಡುವ, ಭಾಷೆ ತಿಳಿಸುವ ಸಹಾಯಕಿಯಾಗಿ ಅಧಿಕಾರಿಯ ಅನುಮತಿ ಕೇಳಿ ಪಕ್ಕದಲ್ಲಿ ಕೂರಬಹುದು.

ಭಾನುವಾರ ಹೇಳಿಕೆ ಬರೆದುಕೊಳ್ಳಲು ಕುಣಿಗಲ್‌ಗೆ ಹೋದೆ. ಐವರೂ ಸೇರಿ ಬಾಡಿಗೆಗೆ ಹಿಡಿದಿದ್ದ ಒಂದು ರೂಮು, ಪಕ್ಕದಲ್ಲಿ ಕೈಯಗಲದ ಅಡುಗೆಮನೆ. ದುರ್ಗದಕ್ಕ ತಾವೂ ಬರುತ್ತೇನೆ ಎಂದಿದ್ದರು. ಬೇಡ ಅಕ್ಕ, ನಾನು ಲಾ ಪಾಯಿಂಟ್ ನೋಡ್ತಿದೀನಿ, ನೀವು ರಜೆ ಹಾಳು ಮಾಡ್ಕೋಬೇಡಿ ಎಂದು ತಡೆದಿದ್ದೆ.

ಚಾಪೆಯ ಮೇಲೆ ನನ್ನೆದುರು ಕೂತವರು ಹಿಂದಿಯಲ್ಲಿ ಹೇಳತೊಡಗಿದರು. ದುಃಖಕ್ಕೆ ಕನ್ನಡ ಸಾಲದೇನೋ ಎಂದುಕೊಂಡೆ. ಶನಿವಾರ ಮಧ್ಯಾಹ್ನ ಮನೆಯಿಂದ ಫೋನು ಬಂದಿತ್ತು, ತಂದೆಗೆ ಹುಷಾರಿಲ್ಲ. ಹೊರಗೆ ಹೋಗಿ ಮಾತಾಡಿ ಬರುತ್ತೇನೆಂದರೆ ಗೇಟಿನವನು ಏಯ್ ಚೈನಾ, ಒಳಗೆ ನಡಿ ಎಂದ. ಕೈಗೆ ಸಿಕ್ಕಿದ ರಿಜಿಸ್ಟರ್ ಎಸೆದೆ. ಹೊರಗೆ ಗೋಡೆ ಪಕ್ಕ ನಿಂತು ಅತ್ತೆ. ಹೇಳುತ್ತಲೇ ಮತ್ತೆ ಅತ್ತರು. ಮಧ್ಯೆ ಯಾರೋ ಒಬ್ಬರು ಹಾಲಿಲ್ಲದ ಟೀ ತಂದು ನನ್ನ ಕೈಗಿಟ್ಟು ಒಳಗೆ ಹೋದರು.

ನಾನು ಬರೆಯುವುದನ್ನು ಒಂದು ಗಳಿಗೆ ನಿಲ್ಲಿಸಿದೆ. ಆಫೀಸಿನಲ್ಲಿ ಸೀಟು ಬಿಟ್ಟು ಎದ್ದೇ ಇಲ್ಲ ಎಂದಿದ್ದರಲ್ಲ? ಕಕ್ಷಿದಾರರು ಮೊದಲ ದಿನ ಸುಳ್ಳು ಹೇಳುತ್ತಾರೆ, ಎರಡನೆಯ ದಿನ ಅಳುತ್ತಾರೆ, ನಿಜ ಇರುವುದು ಎರಡನೆಯ ದಿನ ಎಂಬುದು ಸೀನಿಯರ್ ಮಾತು. ಯಾವುದನ್ನೂ ಸುಲಭಕ್ಕೆ ನಂಬದವಳು ಎಂಬ ಹೆಮ್ಮೆ ನನಗೆ. ಹಾಗಾಗಿ ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ನಂಬಿದೆ. ಎಸೆದ ಸಂಗತಿ ಬಿಟ್ಟು, ಉಳಿದದ್ದನ್ನು ಹೇಳಿಕೆಯ ನಾಲ್ಕನೆಯ ಪ್ಯಾರಾ ಮಾಡಿದೆ: 'ನನ್ನ ಜನಾಂಗವನ್ನು ಹಂಗಿಸಿದ್ದರಿಂದ ಅವಮಾನ ತಾಳಲಾರದೆ ಮೂರು ಗಂಟೆಗೆ ಗೇಟಿನ ಹೊರಗೆ ನಿಂತು ಅತ್ತೆನು.' ಬರೆದು ಎರಡು ಸಲ ಓದಿಕೊಂಡೆ. ಚೆನ್ನಾಗಿತ್ತು. ಜನಾಂಗ ಎಂಬ ಪದ ಕೊನೆಗೂ ಒಂದು ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು.

ಎರಡು ದಿನ ಬಿಟ್ಟು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಕಾಲರ್ ಅಕ್ಕ ಸಹಿ ಹಾಕಲು ಬಂದರು. ಕೊನೆಯಲ್ಲಿದ್ದ ಬೇಡಿಕೆಗಳನ್ನು ಓದಿ ಹೇಳಿದೆ: ಕೆಲಸ ವಾಪಸ್, ನಂಬರ್ ರದ್ದು. ಸರಿ ಎಂದರು. ತುಮಕೂರು ಬಸ್ಸು ಹೊರಟಿತ್ತು, ಕಂಡಕ್ಟರ್ ಕೂಗುತ್ತಿದ್ದ. ಅವರು ಸಹಿ ಹಾಕಿದರು, ನಾನು ಓಡಿ ಹತ್ತಿದೆ. ಸಹಿಯ ಮೇಲೆ ನಾನೇ ಟೈಪ್ ಮಾಡಿದ್ದ ಸಾಲಿತ್ತು, 'ಓದಿಸಿ ಕೇಳಿ ತಿಳಿದುಕೊಂಡಿದ್ದೇನೆ'.

ಸಂಧಾನದ ಮೊದಲ ದಿನ ಕಾರ್ಖಾನೆಯ ಕಡೆಯಿಂದ ಬಂದವರು ಎಚ್‌ಆರ್ ಅಧಿಕಾರಿ, ಐವತ್ತರ ಹತ್ತಿರದವರು. ವರಾಂಡದಲ್ಲಿ ಕಾಯುವಾಗಲೇ ಪರಿಚಯ ಮಾಡಿಕೊಂಡರು. "ಗುಬ್ಬಿಯೋರಾ? ನಮ್ದೂ ಅದೇ ತಾಲ್ಲೂಕು, ಸಿ.ಎಸ್. ಪುರ ಕಣಮ್ಮ. ನಮ್ಮೋಳೇ ಆಗಿ ಎಲ್ಲಿಯವರಿಗೋ ವಕಾಲತ್ತು ಮಾಡ್ತಿದೀಯ."

"ಅದನ್ನೇ ಒಳಗೂ ಹೇಳಿ ಸರ್, ನನ್ನ ಕೆಲಸ ಹಗುರ ಆಗುತ್ತೆ," ಎಂದೆ. ಅವರು ಜೋರಾಗಿ ನಕ್ಕರು.

ಒಳಗೆ ನಾನು ಹತ್ತು ನಿಮಿಷ ಮಾತಾಡಿದೆ. ಸಂವಿಧಾನ, ಮಾಲೀಕರು ಮಾಡಬಾರದ ಕೆಲಸಗಳ ಪಟ್ಟಿ, ವಿಚಾರಣೆಯ ಹಕ್ಕು. ಸಂಧಾನಾಧಿಕಾರಿ ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದರು. ನಾನು ಮುಗಿಸಿದ ಮೇಲೆ ಎಚ್‌ಆರ್ ಅಧಿಕಾರಿ ನನ್ನದೇ ಹೇಳಿಕೆ ತೆರೆದು, ನಾಲ್ಕನೆಯ ಪ್ಯಾರಾವನ್ನು ನಿಧಾನವಾಗಿ ಓದಿದರು.

"ಮೂರು ಗಂಟೆಗೆ ಗೇಟಿನ ಹೊರಗೆ ಇದ್ದೆ ಅಂತ ಅವರೇ ಬರೆದುಕೊಟ್ಟಿದಾರೆ ಸರ್. ನಮ್ಮ ಆರೋಪನೂ ಅದೇ. ಇನ್ನೇನು ವಿಚಾರಣೆ?"

ಕಾಲರ್ ಅಕ್ಕ ನನ್ನ ಕಡೆ ತಿರುಗಿದರು. "ಇದು ನಾನ್ ಯೋಳ್ನಿಲ್ಲ."

"ಭಾನುವಾರ ರೂಮಲ್ಲಿ ಹೇಳಿದ್ರಲ್ಲಕ್ಕ," ಎಂದು ಪಿಸುಗುಟ್ಟಿದೆ. "ಚಾಪೆ ಮೇಲೆ ಕೂತ್ಕೊಂಡು."

"ಚಾಪೆ ಮೇಲ್ ಕೂತಿದ್ದು ನಾನಲ್ಲ ಮೇಡಂ. ನಾನು ಟೀ ಕೊಟ್ಟೋಳು."

ಕಾಲರ್ ಅಕ್ಕ ನನ್ನ ಕಿವಿಗೆ ಬಾಗಿ ಉಳಿದದ್ದನ್ನು ಹೇಳಿದರು. ಎದುರು ಕೂತು ಅತ್ತವಳು ಐವರಲ್ಲಿ ಚಿಕ್ಕವಳು, ಬಟನ್ ಮಿಷನ್ನಿನ ಹುಡುಗಿ. ಗೇಟಿನಲ್ಲಿ ಜಗಳವಾಡಿದ್ದು ಅವಳೇ, ಆ ವಾರ ಮೂರನೇ ನಂಬರು ಕಟ್ಟಿದ್ದವಳೂ ಅವಳೇ. ನನಗೆ ಎಲ್ಲ ಗೊತ್ತಾಗಲಿ ಎಂದು ಕಾಲರ್ ಅಕ್ಕನೇ ಅವಳನ್ನು ನನ್ನ ಮುಂದೆ ಕೂರಿಸಿದ್ದರು. ಎರಡು ಮುಖ ನೋಡಿ ಒಂದು ಎಂದುಕೊಂಡವಳು ನಾನು. ಸಂಧಾನಾಧಿಕಾರಿ ಒಂದು ವಾರ ಬಿಟ್ಟು ಬನ್ನಿ ಎಂದರು.

ಆಫೀಸಿಗೆ ಬಂದು ಹೇಳಿದಾಗ ಸೀನಿಯರ್ ಬೈಯಲಿಲ್ಲ, ಅದೇ ಕಷ್ಟವಾಯಿತು. "ಕಕ್ಷಿದಾರಳಿಗೆ ಭಾಷೆ ಸರಿಯಾಗಿ ಬರಲ್ಲ, ತಪ್ಪು ತಿಳುವಳಿಕೆಯಿಂದ ಹಾಗೆ ಹೇಳಿಬಿಟ್ಟಳು ಅಂತ ಒಂದು ತಿದ್ದುಪಡಿ ಹಾಕು. ಮುಗೀತು."

"ಅವರು ಹೇಳೇ ಇಲ್ಲ ಸಾರ್."

"ನೀನು ಇನ್ನೊಬ್ಬಳನ್ನು ಅವರು ಅಂದುಕೊಂಡೆ ಅಂತ ಹೇಳ್ತೀಯ? ಹೇಳು. ಎದುರಿನೋನು ಏನಂತಾನೆ ಯೋಚಿಸು."

ಯೋಚಿಸದೆ ಇದ್ದೆನೇ? ಆ ವಾರವೆಲ್ಲ ಅದೇ. ತಪ್ಪು ಒಪ್ಪಿಕೊಂಡರೆ ಎಚ್‌ಆರ್ ಅಧಿಕಾರಿಗೆ ಬೇಕಾದ ವಾದವನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ: ಅವರ ಕಡೆಯವರಿಗೇ ಗುರುತು ಸಿಗಲ್ಲ, ನಮ್ಮ ಗೇಟಿನವನ ತಪ್ಪೇನು? ಕಣ್ಣಿಗೆ ಅಭ್ಯಾಸವಿಲ್ಲ ಅಷ್ಟೇ ಎಂದು ಈ ಕೇಸಿನಲ್ಲಿ ಮೊದಲು ವಾದಿಸಿದವಳು ನಾನೇ. ಇನ್ನೊಂದು ಭಯವೂ ಇತ್ತು. ಹಾಗಾದರೆ ಗೇಟಿನಲ್ಲಿದ್ದವರು ಯಾರು ಎಂದು ಕೇಳಿದರೆ? ಒಬ್ಬರನ್ನು ಉಳಿಸಲು ಇನ್ನೊಬ್ಬಳನ್ನು ಒಪ್ಪಿಸಬೇಕು. ಇನ್ನು ತಪ್ಪನ್ನು ಕಾಲರ್ ಅಕ್ಕನ ಭಾಷೆಯ ಮೇಲೆ ಹೊರಿಸಿದರೆ ಎಲ್ಲ ಸಲೀಸು. ಆದರೆ ಓದಲು ಬರದ ಕಾಗದಕ್ಕೆ ಸಹಿ ಹಾಕಿಸಿಕೊಂಡಿರಿ ಎಂದು ಕಾರ್ಖಾನೆಯವರ ಮೇಲೆ ಎರಡನೆಯ ಪ್ಯಾರಾದಲ್ಲಿ ಬರೆದಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ನಾನು ಮಾಡಿದ್ದು ಬೇರೆ ಏನು? ಪರ, ವಿರೋಧ ಎರಡು ಚೀಟಿಯೂ ನನ್ನ ಕೈಯಲ್ಲೇ ಇದ್ದವು. ಎರಡರಲ್ಲೂ ಗೆಲ್ಲುವ ಮಾತು ಬರುತ್ತಿತ್ತು, ಯಾವುದು ಸರಿ ಎಂಬುದು ಮಾತ್ರ ಬರುತ್ತಿರಲಿಲ್ಲ.

ಮುಂದಿನ ಸಂಧಾನದ ಹಿಂದಿನ ದಿನ ಕಾಲರ್ ಅಕ್ಕನಿಗೆ ಫೋನ್ ಮಾಡಿದೆ. ನನ್ನಿಂದ ತಪ್ಪಾಯಿತು, ನಾಳೆ ಹಾಗೆಂದೇ ಹೇಳುತ್ತೇನೆ, ಅದರಿಂದ ಕೇಸು ಹಾಳಾಗಬಹುದು ಎಂದೆ. ಅವರು, "ಚಿಕ್ಕೋಳ್ ಹೆಸ್ರು ಯೋಳ್ಬೇಡಿ. ಬಾಕಿ ನಿಮ್ಗೆ ಬುಟ್ಟಿದ್ದು," ಎಂದರು.

ಎರಡನೆಯ ದಿನ ದುರ್ಗದಕ್ಕ ರಜೆ ಹಾಕಿ ಜೊತೆಗೆ ಬಂದಿದ್ದರು. ನಾನು ಎದ್ದು ನಿಂತು ಹೇಳಿದೆ: ನಾಲ್ಕನೆಯ ಪ್ಯಾರಾ ಇವರ ಮಾತಲ್ಲ, ನಾನು ಬೇರೊಬ್ಬರನ್ನು ಇವರೆಂದು ತಿಳಿದು ಬರೆದುಕೊಂಡೆ, ಓದಿ ಹೇಳದೆ ಸಹಿ ಹಾಕಿಸಿದೆ, ಎರಡೂ ನನ್ನ ತಪ್ಪು.

ಎಚ್‌ಆರ್ ಅಧಿಕಾರಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಓದಿರೋ ಹುಡುಗಿ ಸರ್, ಇವರ ಪರವಾಗಿ ಬಂದಿರೋಳು. ಅವಳಿಗೇ ಕನ್ಫ್ಯೂಸ್ ಆಗುತ್ತೆ. ನಮ್ಮ ಸೆಕ್ಯುರಿಟಿ ಏಳನೇ ಕ್ಲಾಸು. ಅವನಿಗೆ ಆದ್ರೆ ಜನಾಂಗ ಭೇದನಾ?"

ಐದು ವರ್ಷದಲ್ಲಿ ಮೊದಲ ಸಲ ನಾನು ಎದುರಾಳಿಯ ಮಾತು ಕೇಳಿ ಕೂತುಬಿಟ್ಟೆ.

ಮಾತಾಡಿದವರು ಕಾಲರ್ ಅಕ್ಕ. "ಮೇಡಂ ತಪ್ ಮಾಡುದ್ರು. ಆಮೇಲ್ ನನ್ ಕೇಳುದ್ರು. ನಾನಲ್ಲ ಅಂದೆ, ಕೇಳುಸ್ಕಂಡ್ರು. ಫ್ಯಾಕ್ಟ್ರೀಲಿ ನಂಗ್ ಯಾರೂ ಕೇಳ್ನಿಲ್ಲ ಸಾರ್. ಪಟ್ಟೀಲಿ ನಂಬರ್ ನೋಡುದ್ರು, ಕಾಗ್ದ ಕೊಟ್ರು."

ಸಂಧಾನಾಧಿಕಾರಿ ಎಚ್‌ಆರ್ ಅಧಿಕಾರಿಯ ಕಡೆ ತಿರುಗಿದರು. "ಈ ನಂಬರ್ ಯಾಕೆ ಹಾಕಿದ್ರಿ?"

"ಗುರ್ತು ಸಿಗಲ್ಲ ಸರ್, ಅದಕ್ಕೆ."

"ಗುರುತು ಸಿಗಲ್ಲ. ಆದರೆ ಮೂರು ಗಂಟೆಗೆ ಗೇಟಿನಲ್ಲಿದ್ದದ್ದು ಇವರೇ ಅಂತ ಗುರುತು ಸಿಕ್ಕಿತು. ಹೇಗೆ?"

"ನಂಬರಿಂದ."

"ಸ್ಕಾರ್ಫ್ ವಾರಕ್ಕೊಬ್ಬರು ಕಟ್ಕೊಳ್ತಾರಂತಲ್ಲ?"

"ಬೇಕಂತಲೇ ಬದಲಾಯಿಸಿಕೊಂಡು ಆಟ ಆಡಿದಾರೆ ಸರ್."

ಆಗ ಗೋಡೆ ಪಕ್ಕದ ಬೆಂಚ್ ಕಿರುಗುಟ್ಟಿತು. ದುರ್ಗದಕ್ಕ ಎದ್ದಿದ್ದರು. "ಸ್ವಾಮಿ, ನಾನೊಂದ್ ಮಾತ್ ಆಡ್ಬೋದಾ? ಈ ಮಗ ಅವತ್ತಿಂದ ನನ್ ಬಾಯಿ ಮುಚ್ಚುಸ್ತಾನೇ ಅವ್ಳೆ."

ನಾನು ತಲೆ ತಗ್ಗಿಸಿದೆ.

"ಇವ್ಳು ಕಾಲರ್ ಹೊಲ್ದು ಕೊಟ್ರೆ ತಾನೆ ನಾನು ಹಚ್ಚೋದು? ಅವತ್ ಮೂರ್ ಗಂಟೇಲಿ ಇಪ್ಪತ್ ನಿಮಿಷ ಎದ್ದೋಗಿದ್ರೆ ನನ್ ಮಿಷನ್ ನಿಲ್ಬೇಕಿತ್ತು. ನನ್ ಮಿಷನ್ ನಿಂತ್ರೆ ಸೂಪರ್‌ವೈಸ್ರು ನನ್ ತಲೆ ಮ್ಯಾಲ್ ಬಂದು ಕುಂತ್ಕತನೆ. ಗಂಟೆ ಗಂಟೆಗೂ ಎಷ್ಟ್ ಪೀಸ್ ಆಯ್ತು ಅಂತ ಹಾಳೇಲಿ ಬರ್ಕತರಲ್ಲ, ಅದ ತರ್ಸಿ. ನನ್ ಕೈ ಖಾಲಿ ಇತ್ತಾ ನೋಡಿ."

ಸಂವಿಧಾನದಿಂದ ಸಂಹಿತೆಯವರೆಗೆ ಹುಡುಕಿದವಳಿಗೆ ಪಕ್ಕದ ಮಿಷನ್ನು ಕಂಡಿರಲಿಲ್ಲ. ಸಂಧಾನಾಧಿಕಾರಿ ಆ ಶನಿವಾರದ ಹಾಳೆ ತರಿಸಿ ಎಂದರು. ಎಚ್‌ಆರ್ ಅಧಿಕಾರಿ ಫೋನಿನಲ್ಲಿ ಫೋಟೊ ತರಿಸಿಕೊಂಡು, ನೋಡಿ, ಮೇಜಿನ ಮೇಲಿಟ್ಟರು. ಎರಡರಿಂದ ಮೂರು, ಮೂರರಿಂದ ನಾಲ್ಕು, ಕಾಲರಿನ ಲೆಕ್ಕ ಒಂದೇ ಸಮ ಇತ್ತು.

"ಹಾಗಾದ್ರೆ ಗೇಟಿನಲ್ಲಿದ್ದವರು ಯಾರು?" ಎಂದು ಎಚ್‌ಆರ್ ಅಧಿಕಾರಿ ನನ್ನನ್ನೇ ಕೇಳಿದರು.

ಕಾಲರ್ ಅಕ್ಕ ಮೇಜಿನ ಅಂಚು ನೋಡುತ್ತಿದ್ದರು.

"ಅದು ಈ ಫೈಲಿನ ಪ್ರಶ್ನೆ ಅಲ್ಲ," ಎಂದು ಸಂಧಾನಾಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ಇವರಲ್ಲ ಅನ್ನೋದು ಮಾತ್ರ ಈ ಫೈಲು."

ಒಪ್ಪಂದ ಬರೆಯಲು ಕೂತೆವು. ವಜಾ ರದ್ದು, ಹಳೆಯ ಸೀಟಿಗೇ ವಾಪಸ್, ಕಾಗದ ಹಿಂದಕ್ಕೆ. ಅಲ್ಲಿಗೆ ಸಲೀಸು. ಸ್ಕಾರ್ಫಿನ ಮಾತು ಬಂದಾಗ ಎಚ್‌ಆರ್ ಅಧಿಕಾರಿ ಬಿಗಿಯಾದರು. ಗುರುತಿನ ವ್ಯವಸ್ಥೆ ಇಡುವುದು ಆಡಳಿತದ ಹಕ್ಕು, ಅದನ್ನು ತೆಗೆಯುತ್ತೇವೆಂದು ಬರೆಯಲಾಗದು. ನಾನೊಂದು ಸಾಲು ಕಟ್ಟಿದೆ: 'ಗುರುತಿನ ವ್ಯವಸ್ಥೆ ಯಾವುದೇ ಇರಲಿ, ರಾಜ್ಯ, ಭಾಷೆ, ಜನಾಂಗದ ಭೇದವಿಲ್ಲದೆ ಎಲ್ಲ ಕೆಲಸಗಾರರಿಗೂ ಒಂದೇ ರೀತಿ ಇರತಕ್ಕದ್ದು.'

"ಜನಾಂಗ ತೆಗೀಮ್ಮ," ಎಂದರು ಅವರು. "ಆ ಪದ ಇದ್ರೆ ಹೆಡ್ಡಾಫೀಸಲ್ಲಿ ಸಹಿ ಬೀಳಲ್ಲ. ಉಳಿದಿದ್ದು ಒಪ್ತೀನಿ."

ಇಡೀ ಕೇಸಿನಲ್ಲಿ ನನಗೆ ಬೇಕಿದ್ದದ್ದು ಆ ಒಂದು ಪದ. ಕಾಲರ್ ಅಕ್ಕನಿಗೆ ವಿವರಿಸಿದೆ. ಪದಕ್ಕೆ ಹಟ ಹಿಡಿದರೆ ಲೇಬರ್ ಕೋರ್ಟು, ಎಷ್ಟು ವರ್ಷವೋ.

"ಪದ ಬುಡಿ ಮೇಡಂ. ನಂಬರ್ ಹೋಗ್ತದಾ?"

"ಹೋಗುತ್ತೆ," ಎಂದೆ. ಐವರಿಗಾಗಿ ಯಾರು ನೂರಾರು ಸ್ಕಾರ್ಫಿಗೆ ಬಣ್ಣ ಬಳಿಯುತ್ತಾರೆ? ಈ ಸಲ ಮೊದಲ ಸಾಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಅವರು ನಡುವೆ ಎರಡು ಸಲ ತಡೆದು ಪ್ರಶ್ನೆ ಕೇಳಿ, ಆಮೇಲೆ ಸಹಿ ಹಾಕಿದರು.

ಹತ್ತು ದಿನವಾಗಿರಬೇಕು, ದುರ್ಗದಕ್ಕನ ಫೋನು ಬಂತು.

"ಏನವ್ವ ಲಾಯ್ರಮ್ಮ, ನಿನ್ ಕೇಸಿಂದ ನನ್ ತಲೇಗೂ ನಂಬರ್ ಬಂತಲ್ಲೇ! ನೂರ ಹದಿನೇಳಂತೆ ನಾನು!"

ಎಲ್ಲರಿಗೂ ಹಾಕಿದ್ದರು. ಭೇದವಿಲ್ಲದೆ, ಒಂದೇ ರೀತಿ, ನಾನು ಬರೆದುಕೊಟ್ಟ ಹಾಗೆಯೇ. ಸೀನಿಯರಿಗೆ ಹೇಳಿದೆ. ಅವರು ಒಪ್ಪಂದದ ಪ್ರತಿ ತರಿಸಿ ಓದಿ, "ಉಲ್ಲಂಘನೆ ಎಲ್ಲೂ ಇಲ್ಲ ಕಣಮ್ಮ. ಪಾಲನೆಯೇ ಆಗಿದೆ," ಎಂದು ಫೈಲು ಮುಚ್ಚಿದರು. ನಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ನಾನು ಗೆದ್ದೆನೋ ಸೋತೆನೋ ಅದೂ ತಿಳಿಯಲಿಲ್ಲ. ಐವರ ಮೇಲಿದ್ದ ಅವಮಾನ ಎಲ್ಲರಿಗೂ ಹಂಚಿಹೋದರೆ ಅದನ್ನು ಸಮಾನತೆ ಎನ್ನಬೇಕೇ? ಕಾನೂನಿನ ಪ್ರಕಾರ ಎನ್ನಬೇಕು.

ಎರಡು ವಾರ ಬಿಟ್ಟು ಒಂದು ಭಾನುವಾರ ಕುಣಿಗಲ್‌ನ ಆ ರೂಮಿಗೆ ಹೋದೆ. ಬಾಗಿಲು ತೆಗೆದವರನ್ನು ನೋಡಿ, ಊಹೆ ಮಾಡದೆ, "ಕಾಲರ್ ಅಕ್ಕನಾ?" ಎಂದು ಕೇಳಿದೆ.

"ಹೂಂ, ನಾನೇ. ಬನ್ನಿ," ಎಂದು ನಕ್ಕರು. ಬಟನ್ ಹುಡುಗಿ ಇರಲಿಲ್ಲ. ಅಲ್ಲಿರಲು ಮನಸ್ಸಾಗದೆ ಕೆಲಸ ಬಿಟ್ಟು ಹಿರೇಹಳ್ಳಿಯ ಯಾವುದೋ ಪ್ಯಾಕಿಂಗ್ ಯೂನಿಟ್ಟಿಗೆ ಸೇರಿದ್ದಳು. ಅವಳನ್ನು ಉಳಿಸಿದೆವು ಎಂದುಕೊಂಡಿದ್ದೆ.

ದುರ್ಗದಕ್ಕ ಆಗಲೇ ಬಂದು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಕ್ಷಮೆ ಕೇಳುವ ಮೊದಲೇ ಶುರು ಮಾಡಿದರು. "ನಂಬರ್ ಹೋಯ್ತು ಕಣವ್ವ! ಎಲ್ರುದೂವೆ. ನೂರ ಹದಿನೇಳು ಬಾ ಇಲ್ಲಿ ಅಂದ ಸೂಪರ್‌ವೈಸ್ರು. ನನ್ ಗಂಡನೂ ಹಂಗ್ ಕರ್ದಿಲ್ಲ ನನ್ನ. ನಾವೇನ್ ಸಂತೆ ಕುರಿನಾ, ಬಣ್ಣ ಬಳಿಯಾಕೆ? ಲೈನ್‌ಗೆ ಲೈನೇ ಎದ್ದು, ಎಲ್ರೂ ಬಿಚ್ಚಿ ಬುಟ್ಟೀಗ್ ಹಾಕಿ, ಬರೀ ತಲೇಲಿ ಕುಂತ್ಕಂಡ್ವಿ. ಮಾರ್ನೆ ದಿನಕ್ಕೆ ಹೊಸ ಸ್ಕಾರ್ಫು, ಬರೀ ನೀಲಿ. ಹೆಂಗೆ?"

"ಎಷ್ಟು ದಿನ ಇತ್ತು ಅಕ್ಕ ಆ ನಂಬರು?"

"ಎಂಟ್ ದಿನ. ಅದ್ಕಿಂತ ತಡ್ಕಳಾಕ್ ಆಯ್ತದಾ?"

ಕಾಲರ್ ಅಕ್ಕ ಅಡುಗೆಮನೆಯಿಂದ ಟೀ ತಂದರು. ಒಂದು ಲೋಟ ನನ್ನ ಕೈಗೆ, ಒಂದು ದುರ್ಗದಕ್ಕನ ಕೈಗೆ.

"ನಾವು ಮೂರ್ ವರ್ಷ ತಡ್ಕಂಡ್ವಿ," ಎಂದರು, ದುರ್ಗದಕ್ಕನ ಎದುರು ಕೂರುತ್ತಾ.

ದುರ್ಗದಕ್ಕ ಲೋಟವನ್ನು ತುಟಿಯ ಹತ್ತಿರ ತಂದವರು ಹಾಗೇ ಹಿಡಿದುಕೊಂಡರು. ನನಗೂ ಏನೂ ಹೊಳೆಯಲಿಲ್ಲ, ಪರವಾಗಿಯೂ, ವಿರೋಧವಾಗಿಯೂ.

ಸೋಮವಾರ ಆಫೀಸಿಗೆ ಹೋಗಿ ರಿಜಿಸ್ಟರ್ ತೆಗೆದೆ. ಕೇಸು ಮುಗಿದ ಮೇಲಾದರೂ ಮೂರನೆಯ ಕಾಲಂ ತುಂಬಬೇಕು. ಜನಾಂಗ ಭೇದ ಎಂದು ಬರೆಯಲು ಒಪ್ಪಂದದಲ್ಲಿ ಆ ಪದವಿಲ್ಲ. ಅಕ್ರಮ ವಜಾ ಎಂದು ಬರೆದರೆ ಮೂರು ವರ್ಷ ಎಲ್ಲಿ ಹೋಯಿತು? ಪೆನ್ಸಿಲ್ ತೆಗೆದುಕೊಂಡು 'ಸ್ಕಾರ್ಫ್' ಎಂದು ಬರೆದೆ. ಸೀನಿಯರ್ ಇನ್ನೂ ಅಳಿಸಿಲ್ಲ.